ಒಂದು ದಿನದ ಗೆಲುವಿಗೆ ಹಿಗ್ಗಬಾರದು: ಕಲಿಯುವ ಯಂತ್ರಕ್ಕೆ ತಾಳ್ಮೆ ಕಲಿಸಿದವರ ಕಥೆ

ಪ್ರತಿ ವರ್ಷ ದಸರಾಕ್ಕೆ ಇನ್ನೂ ವಾರಗಟ್ಟಲೆ ಇರುವಾಗಲೇ ಆನೆಗಳು ಕಾಡಿನ ಶಿಬಿರ ಬಿಟ್ಟು ಮೈಸೂರಿಗೆ ಬರುತ್ತವೆ. ಬಂದ ಮಾರನೇ ದಿನವೇ ಯಾರೂ ಅಂಬಾರಿ ಹೊರಿಸುವುದಿಲ್ಲ. ಮೊದಲು ಬರಿ ನಡಿಗೆ. ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್. ಆಮೇಲೆ ಬೆನ್ನಿಗೆ ಗಾದಿ, ನಮ್ದಾ ಕಟ್ಟಿ ಮರಳಿನ ಮೂಟೆ. ದಿನ ಕಳೆದಂತೆ ಮೂಟೆಯ ಭಾರ ಏರುತ್ತದೆ. ಆಮೇಲೆ ಮರದ ಅಂಬಾರಿ. ಕುಶಾಲತೋಪಿನ ಸದ್ದಿಗೆ ಬೆದರದಿರಲಿ ಎಂದು ಅದಕ್ಕೇ ಬೇರೆ ತಾಲೀಮು. ಇಷ್ಟೆಲ್ಲ ಆದ ಮೇಲೆ ವಿಜಯದಶಮಿಯ ದಿನ ಸುಮಾರು 750 ಕೆ.ಜಿ.ಯ ಚಿನ್ನದ ಅಂಬಾರಿ.

ಚೆನ್ನಾಗಿ ನಡೆದರೆ ಬೆಲ್ಲ ಸಿಗುತ್ತದೆ. ಆದರೆ ಒಂದು ದಿನ ಚೆನ್ನಾಗಿ ನಡೆಯಿತು ಎಂದು ಮರುದಿನವೇ ಭಾರ ಎರಡು ಪಟ್ಟು ಮಾಡುವ ಮಾವುತ ಇಲ್ಲ. ಒಂದು ಸಲ ಬೆದರಿತು ಎಂದು ಕಲಿಸಿದ್ದನ್ನೆಲ್ಲ ಬಿಟ್ಟು ಮೊದಲಿಂದ ಶುರು ಮಾಡುವವನೂ ಇಲ್ಲ.

ಇವತ್ತಿನ ನಮ್ಮ ಬರಹ ಆನೆಯದಲ್ಲ, ಯಂತ್ರದ್ದು. ಬಹುಮಾನ ನೋಡಿ ತಾನೇ ಕಲಿಯುವ ಯಂತ್ರದ್ದು. ಒಂದೊಂದು ಬಹುಮಾನಕ್ಕೆ ಅದು ತನ್ನನ್ನು ಎಷ್ಟು ಬದಲಿಸಿಕೊಳ್ಳಬೇಕು? ಜಾಸ್ತಿ ಬದಲಿಸಿಕೊಂಡರೆ ಕೆಡುತ್ತದೆ, ಕಡಿಮೆಯಾದರೆ ಕಲಿಯುವುದೇ ಇಲ್ಲ. ಈ ಪ್ರಶ್ನೆಯ ಹಿಂದೆ ಬಿದ್ದವರಲ್ಲಿ ಮೈಸೂರು ನಗರದಲ್ಲೇ ಹುಟ್ಟಿದ ಒಬ್ಬ ಮೇಷ್ಟ್ರು ಇದ್ದಾರೆ. ಆಮೇಲೆ ಬೆಂಗಳೂರಿನ ಇನ್ನೂ ಕೆಲವರು ಸೇರಿದರು. ನಮ್ಮ ಊರುಗಳಲ್ಲಿ ಅವರ ಹೆಸರು ಕೇಳಿದವರು ಕಡಿಮೆ.

ಮೊದಲು ನಮ್ಮ ತಪ್ಪು

ವಿಷಯಕ್ಕೆ ಹೋಗುವ ಮೊದಲು ನಮ್ಮದೇ ಒಂದು ತಪ್ಪು ಹೇಳಿಬಿಡುತ್ತೇವೆ.

ಡಿಪ್ಲೊಮಾ ಮುಗಿಸಿ ಸ್ಟ್ರಿಂಗರ್ ಆದ ಹೊಸದರಲ್ಲಿ ನಾವು ಒಂದು ಜಾಲತಾಣಕ್ಕೆ ಸುದ್ದಿ ಕಳಿಸುತ್ತಿದ್ದೆವು. ಸುದ್ದಿಗೆ ಇಷ್ಟು ಅಂತ ದುಡ್ಡು. ಹೆಚ್ಚು ಜನ ನೋಡಿದರೆ ಇನ್ನೂ ಸ್ವಲ್ಪ. ಒಂದು ದಿನ ಹೆದ್ದಾರಿಯ ಅಪಘಾತದ ಸುದ್ದಿ ಕಳಿಸಿದೆವು. ಅಲ್ಲಿಯತನಕ ಯಾವ ಸುದ್ದಿಗೂ ಬರದಷ್ಟು ಹಿಟ್ಸ್ ಬಂತು. ಮುಂದಿನ ವಾರವೆಲ್ಲ ಅಪಘಾತವನ್ನೇ ಹುಡುಕಿಕೊಂಡು ಹೋದೆವು.

ಒಂದೆರಡು ತಿಂಗಳಲ್ಲಿ ಒಂದು ವಿಚಿತ್ರ ಕಂಡಿತು. ನಾಲೆಗೆ ನೀರು ಬಂದಿಲ್ಲ, ರೇಷನ್ ಅಂಗಡಿ ಬಾಗಿಲು ತೆಗೆದಿಲ್ಲ ಅಂತ ಫೋನ್ ಮಾಡುತ್ತಿದ್ದವರು ನಿಲ್ಲಿಸಿಬಿಟ್ಟರು. "ಅವರು ಬರೀ ಆಕ್ಸಿಡೆಂಟ್ ಬರೆಯೋರು ಬಿಡಪ್ಪ" ಎಂದುಕೊಂಡಿರಬೇಕು. ಈಗ ಬರುವ ಫೋನೆಲ್ಲ ಅಪಘಾತದ್ದೇ. ನಮಗನ್ನಿಸಿತು, ತಾಲ್ಲೂಕಿನಲ್ಲಿ ಬೇರೆ ಸುದ್ದಿಯೇ ಇಲ್ಲ.

ಸುದ್ದಿ ಇತ್ತು. ಅದು ನಮ್ಮ ಹತ್ತಿರ ಬರದ ಹಾಗೆ ನಾವೇ ಮಾಡಿಕೊಂಡಿದ್ದೆವು.

ಇದನ್ನು ನೆನಪಿಟ್ಟುಕೊಳ್ಳಿ. ಬಹುಮಾನದಿಂದ ಕಲಿಯುವ ಯಂತ್ರದ ಕಷ್ಟವೆಲ್ಲ ಇದರೊಳಗಿದೆ. ಪುಸ್ತಕ ಓದಿ ಕಲಿಯುವವನಿಗೆ ಪುಸ್ತಕ ಬದಲಾಗುವುದಿಲ್ಲ. ತಾನು ಮಾಡಿದ ಕೆಲಸದ ಫಲ ನೋಡಿ ಕಲಿಯುವವನಿಗೆ, ಅವನು ಬದಲಾದಂತೆಲ್ಲ ಮುಂದೆ ಕಾಣುವುದೂ ಬದಲಾಗುತ್ತದೆ. ಒಂದು ತಪ್ಪು ಹೆಜ್ಜೆ ಇಟ್ಟರೆ ಆ ತಪ್ಪನ್ನು ತೋರಿಸಿಕೊಡುವ ಮಾಹಿತಿಯೇ ಕಣ್ಣಿಗೆ ಬೀಳದೆ ಹೋಗಬಹುದು.

ಎರಡು ಬಸ್ಸಿನ ಲೆಕ್ಕ

ಈ ರೀತಿಯ ಕಲಿಕೆಗೆ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಬಹುಮಾನದ ಕಲಿಕೆ ಎಂದುಕೊಳ್ಳೋಣ. ನಮ್ಮ ಪಕ್ಕದ ಮನೆಯ ಅಜ್ಜಿ ಕೇಳಿದರು, "ಮಿಷನ್ನು ಕಲಿಯೋದು ಅಂದ್ರೆ ಏನ್ರಪ್ಪ, ಅದಕ್ಕೇನು ಬುದ್ಧಿ ಇದ್ಯಾ?" ಅವರಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ಹೇಳುತ್ತೇವೆ.

ನಿಮ್ಮ ಊರಿಂದ ಮೈಸೂರಿಗೆ ಬೆಳಿಗ್ಗೆ ಎರಡು ಬಸ್ಸು. 7 ಗಂಟೆಯದರಲ್ಲಿ 10 ದಿನಕ್ಕೆ 4 ದಿನ ಸೀಟು ಸಿಗುತ್ತದೆ. ಏಳೂವರೆಯದರಲ್ಲಿ 10ಕ್ಕೆ 7 ದಿನ. ಇದು ನಿಮಗೆ ಗೊತ್ತಿಲ್ಲ. ಹತ್ತಿ ನೋಡಿಯೇ ತಿಳಿಯಬೇಕು.

ಶುರುವಿನಲ್ಲಿ ಎರಡಕ್ಕೂ ಐವತ್ತು ಐವತ್ತು. ಒಂದು ನಿಯಮ ಇಟ್ಟುಕೊಳ್ಳಿ. ಸೀಟು ಸಿಕ್ಕಿದ ದಿನ, ಆ ಬಸ್ಸಿನ ಪಾಲು ನೂರಾಗಲು ಎಷ್ಟು ಬಾಕಿ ಇದೆಯೋ ಅದರಲ್ಲಿ ಹತ್ತನೇ ಒಂದು ಭಾಗ ಸೇರಿಸುವುದು. ಐವತ್ತು ಇದ್ದದ್ದು 55 ಆಗುತ್ತದೆ. ಮತ್ತೊಮ್ಮೆ ಸಿಕ್ಕರೆ 59.5. ಸೀಟು ಸಿಗದ ದಿನ ಏನೂ ಬದಲಿಸುವುದಿಲ್ಲ. ಹೀಗೆ ನಿಧಾನಕ್ಕೆ ಒಳ್ಳೆಯ ಬಸ್ಸಿನ ಪಾಲು ಮೇಲೇರುತ್ತದೆ.

ಈಗ ಅವಸರದವನ ನಿಯಮ ನೋಡಿ. ಅವನು ಹತ್ತನೇ ಒಂದು ಭಾಗ ಅಲ್ಲ, ಹತ್ತರಲ್ಲಿ ಒಂಬತ್ತು ಭಾಗ ಸೇರಿಸುತ್ತಾನೆ. ಮೊದಲ ದಿನ 7 ಗಂಟೆಯ ಬಸ್ಸಿನಲ್ಲಿ ಅದೃಷ್ಟಕ್ಕೆ ಸೀಟು ಸಿಕ್ಕಿತು. ಅದರ ಪಾಲು ಒಂದೇ ಏಟಿಗೆ 95. ಇನ್ನೊಂದು ಸಲ ಸಿಕ್ಕಿದರೆ 99.5. ಮುಗಿಯಿತು. ಏಳೂವರೆಯ ಬಸ್ಸನ್ನು ಅವನು ಹತ್ತುವುದೇ ಅಪರೂಪ. ಅದರಲ್ಲಿ ಸೀಟು ಜಾಸ್ತಿ ಎಂಬುದು ಅವನಿಗೆ ಗೊತ್ತಾಗುವುದೇ ಇಲ್ಲ. ನಮ್ಮ ಅಪಘಾತದ ಸುದ್ದಿಯ ಕಥೆಯೇ ಇದು.

ಮೇಲಿನ ನಿಯಮ ನಾವು ಹುಟ್ಟಿಸಿದ್ದಲ್ಲ. ಅದಕ್ಕೆ ವಿದ್ವಾಂಸರು ಇಟ್ಟ ಹೆಸರು ರಿವಾರ್ಡ್-ಇನ್ಆ್ಯಕ್ಷನ್. ಅಂದರೆ ಬಹುಮಾನ ಬಂದರೆ ಬದಲಾಗು, ಬರದಿದ್ದರೆ ಸುಮ್ಮನಿರು.

ಮೈಸೂರಿನ ಮೇಷ್ಟ್ರು

ಎಂ.ಎ.ಎಲ್. ತಾತಾಚಾರ್ ಅವರು ಮೈಸೂರು ನಗರದಲ್ಲಿ 1939ರಲ್ಲಿ ಹುಟ್ಟಿದರು. ಮೈಸೂರು ವಿಶ್ವವಿದ್ಯಾಲಯದಿಂದ 1959ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲಿನ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದಲ್ಲೇ ಪ್ರಾಧ್ಯಾಪಕರಾದರು.

ಈ ಎರಡೂ ಸಂಸ್ಥೆಗಳ ಹಿಂದೆ ಹಳೇ ಮೈಸೂರಿನ ಋಣ ಇದೆ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ. ಜನ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಆ ವಿಜ್ಞಾನ ಸಂಸ್ಥೆ 1909ರದು. ಅದಕ್ಕೆ ಸುಮಾರು 371 ಎಕರೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ.

ಬಹುಮಾನದಿಂದ ಕಲಿಯುವ ಪುಟ್ಟ ಯಂತ್ರಗಳ ಯೋಚನೆ ಬೆಳೆದದ್ದು 1960ರ ದಶಕದ ಸೋವಿಯತ್ ಒಕ್ಕೂಟದಲ್ಲಿ. ಮಿಖಾಯಿಲ್ ತ್ಸೆಟ್ಲಿನ್ ಎಂಬ ಗಣಿತಜ್ಞ ಅದಕ್ಕೆ ಅಡಿಪಾಯ ಹಾಕಿದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕುಂಪಟಿ ಎಸ್. ನರೇಂದ್ರ ಅದನ್ನು ಕೈಗೆತ್ತಿಕೊಂಡರು. ನರೇಂದ್ರ ಮತ್ತು ತಾತಾಚಾರ್ ಸೇರಿ 1974ರಲ್ಲಿ, ಅಲ್ಲಿಯತನಕ ಆಗಿದ್ದ ಕೆಲಸವನ್ನೆಲ್ಲ ಒಟ್ಟು ಮಾಡಿ ಒಂದು ಸಮೀಕ್ಷಾ ಲೇಖನ ಬರೆದರು. ವಿಷಯದ ಹೆಸರು ಲರ್ನಿಂಗ್ ಆಟೋಮ್ಯಾಟಾ. ಅದೇ ಹೆಸರಿನಲ್ಲಿ 1989ರಲ್ಲಿ ಇಬ್ಬರೂ ಸೇರಿ ಪುಸ್ತಕ ತಂದರು.

ಅವರ ಮುಂದಿದ್ದ ಪ್ರಶ್ನೆ ಬಸ್ಸಿನ ಲೆಕ್ಕದ್ದೇ. ಸೀಟು ಸಿಕ್ಕಾಗ ಹತ್ತಿರ ಸರಿಯುವುದು, ಸಿಗದಾಗ ಅಷ್ಟೇ ದೂರ ಸರಿಯುವುದು ನ್ಯಾಯ ಎಂದು ಯಾರಿಗಾದರೂ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ನಮ್ಮ ಎರಡು ಬಸ್ಸಿಗೆ ಆ ನಿಯಮ ಹಾಕಿದರೆ, ಎಷ್ಟು ವರ್ಷ ಕಳೆದರೂ ಒಳ್ಳೆಯ ಬಸ್ಸು ಹತ್ತುವುದು ಸರಾಸರಿ ಮೂರು ದಿನಕ್ಕೆ ಎರಡು ದಿನ ಮಾತ್ರ. ಯಂತ್ರ ಆ ಕಡೆ ಈ ಕಡೆ ತೂಗುತ್ತಲೇ ಇರುತ್ತದೆ. ಸೀಟು ಸಿಗದ ದಿನ ಸುಮ್ಮನಿರುವ ನಿಯಮದಲ್ಲಾದರೆ, ಹೆಜ್ಜೆ ಸಣ್ಣದಾದಷ್ಟೂ ಒಳ್ಳೆಯ ಬಸ್ಸಿನ ಪಾಲು ನೂರರ ಹತ್ತಿರ ಹೋಗಿ ನಿಲ್ಲುವ ಸಂಭವ ಹೆಚ್ಚು.

ಆದರೆ ಸಣ್ಣ ಹೆಜ್ಜೆ ಎಂದರೆ ತಡ. ಇನ್ನೊಂದು ತೊಂದರೆಯೂ ಇದೆ. ಒಂದು ಬಸ್ಸಿಗೆ ಅಂಟಿಕೊಂಡ ಮೇಲೆ ಬಸ್ಸಿನ ವೇಳೆ ಬದಲಾದರೆ ಆ ಯಂತ್ರ ಮತ್ತೆ ಏಳುವುದು ಕಷ್ಟ. ಅಂಥ ಕಡೆ ತೂಗಾಡುವ ಯಂತ್ರವೇ ವಾಸಿ. ಯಾವುದೂ ಪುಕ್ಕಟೆ ಸಿಗುವುದಿಲ್ಲ.

ತಡವಾಗುವುದಕ್ಕೆ ತಾತಾಚಾರ್ ಮತ್ತು ಅದೇ ಸಂಸ್ಥೆಯ ಪಿ.ಎಸ್. ಶಾಸ್ತ್ರಿ ಅವರು 1980ರ ದಶಕದಲ್ಲಿ ಒಂದು ದಾರಿ ತೋರಿಸಿದರು. ಇವತ್ತು ಸೀಟು ಸಿಕ್ಕಿತೇ ಎಂಬುದನ್ನು ಮಾತ್ರ ನೋಡಬೇಡ, ಒಂದು ಡೈರಿ ಇಡು. ಯಾವ ಬಸ್ಸು ಎಷ್ಟು ಸಲ ಹತ್ತಿದೆ, ಎಷ್ಟು ಸಲ ಸೀಟು ಸಿಕ್ಕಿತು ಎಂದು ಬರೆದಿಡು. ಹೆಜ್ಜೆ ಇಡುವುದು ಆ ಡೈರಿಯ ಪ್ರಕಾರ ಮುಂದಿರುವ ಬಸ್ಸಿನ ಕಡೆಗೆ. ಇವತ್ತಿನ ಅದೃಷ್ಟ ಡೈರಿಯಲ್ಲಿ ಒಂದು ಗೀಟು ಅಷ್ಟೇ. ಹೀಗೆ ಮಾಡಿದರೆ ಹಳೆಯ ನಿಯಮಕ್ಕಿಂತ ಎಷ್ಟೋ ಬೇಗ ಕಲಿಯಬಹುದು.

ಈ ವಿಷಯಕ್ಕೆ ಮೂಲ ಗ್ರಂಥವೆಂದು ಜಗತ್ತಿನೆಲ್ಲೆಡೆ ಓದುವುದು ರಿಚರ್ಡ್ ಸಟ್ಟನ್ ಮತ್ತು ಆಂಡ್ರ್ಯೂ ಬಾರ್ಟೊ ಅವರ ಪುಸ್ತಕ. ಇವರಿಬ್ಬರಿಗೆ 2024ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂತು. ಅವರ ಪುಸ್ತಕದ ಇತಿಹಾಸದ ಭಾಗದಲ್ಲಿ ನರೇಂದ್ರ ಮತ್ತು ತಾತಾಚಾರ್ ಅವರ ಹೆಸರಿದೆ.

ದೊಡ್ಡ ಯಂತ್ರ ಯಾಕೆ ಕೆಡುತ್ತದೆ

ಎರಡು ಬಸ್ಸಿಗೆ ಎರಡು ಸಂಖ್ಯೆ ಸಾಕು. ಚದುರಂಗಕ್ಕೆ, ಕಾರು ಓಡಿಸುವುದಕ್ಕೆ, ಮಾತಾಡುವುದಕ್ಕೆ ಕೋಟಿಗಟ್ಟಲೆ ಸಂದರ್ಭಗಳು. ಒಂದೊಂದಕ್ಕೂ ಒಂದೊಂದು ಸಂಖ್ಯೆ ಬರೆದಿಡಲು ಆಗುವುದಿಲ್ಲ. ಅದಕ್ಕೇ ನ್ಯೂರಲ್ ನೆಟ್‌ವರ್ಕ್ ಎಂಬ ಲೆಕ್ಕದ ಬಲೆ ಬಂತು. ಹಲವು ಪದರಗಳ ದೊಡ್ಡ ಬಲೆಯನ್ನು ಬಹುಮಾನದ ಕಲಿಕೆಗೆ ಹಚ್ಚಿದರೆ ಅದೇ ಡೀಪ್ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್.

ಇಲ್ಲಿ ಮೂರು ತೊಂದರೆ ಒಟ್ಟಿಗೆ ಬರುತ್ತವೆ.

ಒಂದು, ಬಲೆಯಲ್ಲಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ. ಸೀರೆಯ ಒಂದು ಎಳೆ ಜಗ್ಗಿದರೆ ಪಕ್ಕದ ನೇಯ್ಗೆಯೂ ಸುಕ್ಕಾಗುತ್ತದೆ. ಹಾಗೆಯೇ ಒಂದು ಸಂದರ್ಭಕ್ಕೆ ತಿದ್ದಿದ್ದು ಇನ್ನೊಂದು ಸಂದರ್ಭದ ಉತ್ತರವನ್ನು ಕೆಡಿಸಬಹುದು.

ಎರಡು, ಯಂತ್ರ ತನ್ನ ಅಂದಾಜನ್ನು ತಿದ್ದಿಕೊಳ್ಳುವುದು ತನ್ನದೇ ಇನ್ನೊಂದು ಅಂದಾಜು ನೋಡಿಕೊಂಡು. ಸಂತೆಯಲ್ಲಿ ಒಬ್ಬ ರೈತ ಪಕ್ಕದವನ ಬೆಲೆ ಕೇಳಿ ತನ್ನ ಬೆಲೆ ಹೇಳುತ್ತಾನೆ, ಪಕ್ಕದವನು ಇವನ ಬೆಲೆ ಕೇಳಿ ತನ್ನದನ್ನು ಏರಿಸುತ್ತಾನೆ ಎಂದುಕೊಳ್ಳಿ. ಕೊಳ್ಳುವವನು ಬರುವ ತನಕ ಬೆಲೆ ಆಕಾಶಕ್ಕೆ ಹೋಗಬಹುದು.

ಮೂರು, ಈಗ ನಡೆಯುವ ದಾರಿ ಒಂದು, ಪಾಠ ಕಲಿಯುವುದು ಬೇರೊಂದು ದಾರಿಯ ಅನುಭವದಿಂದ.

ಮೂರರಲ್ಲಿ ಒಂದೋ ಎರಡೋ ಇದ್ದರೆ ನಿಭಾಯಿಸಬಹುದು. ಮೂರೂ ಸೇರಿದರೆ ಅಪಾಯ. ಸಟ್ಟನ್ ಮತ್ತು ಬಾರ್ಟೊ ಇದನ್ನು ಮಾರಕ ತ್ರಿವಳಿ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಲೀಮನ್ ಬೇರ್ಡ್ ಎಂಬ ಅಮೆರಿಕದ ಸಂಶೋಧಕ 1995ರಲ್ಲಿ ಇದಕ್ಕೊಂದು ಪುಟ್ಟ ಉದಾಹರಣೆ ಕಟ್ಟಿ ತೋರಿಸಿದರು. ಅಲ್ಲಿ ಸರಿಯುತ್ತರ ಬರಿ ಸೊನ್ನೆ. ಯಂತ್ರ ಸೊನ್ನೆ ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ಆದರೂ ಕಲಿಯುತ್ತ ಕಲಿಯುತ್ತ ಅದರೊಳಗಿನ ಸಂಖ್ಯೆಗಳು ಬೆಳೆದು ಬೆಳೆದು ಅಂಕೆ ಮೀರಿ ಹೋದವು.

ಗಡಿಯಾರದ ಎರಡು ಮುಳ್ಳು

ಇಂಥದ್ದನ್ನು ಅಂಕೆಯಲ್ಲಿಡುವುದು ಹೇಗೆ? ಈ ಪ್ರಶ್ನೆಗೆ ಗಣಿತದ ಗಟ್ಟಿ ಉತ್ತರ ಕೊಟ್ಟವರಲ್ಲಿ ವಿವೇಕ್ ಬೋರ್ಕರ್ ಮುಖ್ಯರು. 1990ರ ದಶಕದಲ್ಲಿ ಅವರು ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯಲ್ಲಿದ್ದರು. 1997ರಲ್ಲಿ ಅವರು ಬರೆದ ಲೇಖನವೊಂದು ಎರಡು ವೇಗದ ಕಲಿಕೆಯ ಬಗ್ಗೆ.

ಗಡಿಯಾರ ನೋಡಿ. ನಿಮಿಷದ ಮುಳ್ಳಿನ ಕಣ್ಣಿಗೆ ಗಂಟೆಯ ಮುಳ್ಳು ನಿಂತೇ ಇದೆ. ಗಂಟೆಯ ಮುಳ್ಳಿನ ಕಣ್ಣಿಗೆ ನಿಮಿಷದ ಮುಳ್ಳು ತನ್ನ ಸುತ್ತು ಆಗಲೇ ಮುಗಿಸಿದೆ. ಯಂತ್ರದೊಳಗೂ ಇಬ್ಬರು ಕಲಿಯುವವರಿದ್ದಾರೆ ಎಂದುಕೊಳ್ಳಿ. ಒಬ್ಬ ಕೆಲಸ ಮಾಡುವವನು, ಇನ್ನೊಬ್ಬ ಆ ಕೆಲಸಕ್ಕೆ ಬೆಲೆ ಕಟ್ಟುವವನು. ಇಬ್ಬರೂ ಒಂದೇ ವೇಗದಲ್ಲಿ ಬದಲಾದರೆ ಒಬ್ಬರನ್ನೊಬ್ಬರು ಅಟ್ಟಿಕೊಂಡು ಹೋಗುತ್ತಾರೆ, ಸಂತೆಯ ಆ ಇಬ್ಬರು ರೈತರ ಹಾಗೆ. ಬೆಲೆ ಕಟ್ಟುವವನು ಬೇಗ ಕಲಿಯಲಿ, ಕೆಲಸದವನು ನಿಧಾನಕ್ಕೆ ಬದಲಾಗಲಿ. ಆಗ ಬೆಲೆ ಕಟ್ಟುವವನಿಗೆ ಕೆಲಸ ನಿಂತ ಹಾಗೆ ಕಾಣುತ್ತದೆ, ಸರಿಯಾಗಿ ಅಳೆಯುತ್ತಾನೆ. ಕೆಲಸದವನಿಗೆ ಸರಿಯಾದ ಅಳತೆ ಸಿಗುತ್ತದೆ. ಎರಡು ವೇಗ ಹೀಗೆ ಬೇರೆ ಬೇರೆ ಇದ್ದರೆ ಯಾವ ಷರತ್ತಿನಲ್ಲಿ ಇಡೀ ಲೆಕ್ಕ ಒಂದು ಕಡೆ ಬಂದು ನಿಲ್ಲುತ್ತದೆ ಎಂಬುದನ್ನು ಬೋರ್ಕರ್ ಸಾಧಿಸಿ ತೋರಿಸಿದರು.

2000ದಲ್ಲಿ ಬೋರ್ಕರ್ ಮತ್ತು ಶಾನ್ ಮೇನ್ ಸೇರಿ ಇನ್ನೊಂದು ಪ್ರಮೇಯ ಕೊಟ್ಟರು. ಅದರ ತಿರುಳನ್ನು ಮೈಸೂರಿನ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ಮಳೆಯ ನೀರು ಕುಕ್ಕರಹಳ್ಳಿ ಕೆರೆಗೆ ಬಂದು ಸೇರುತ್ತದೆಯೇ ಎಂದು ತಿಳಿಯಲು ಒಂದೊಂದು ಹನಿಯ ಹಿಂದೆ ಓಡಬೇಕಾಗಿಲ್ಲ. ದೂರದಲ್ಲಿ, ಎತ್ತರದಲ್ಲಿ ನಿಂತು ನೋಡಿ. ಅಷ್ಟು ದೂರದ ನೆಲವೆಲ್ಲ ಕೆರೆಯ ಕಡೆಗೇ ಇಳಿಜಾರಾಗಿದ್ದರೆ ನೀರು ದಾರಿ ತಪ್ಪಿ ಹೋಗುವುದಿಲ್ಲ. ಹಾಗೆಯೇ ಯಂತ್ರದೊಳಗಿನ ಸಂಖ್ಯೆಗಳು ಬಹಳ ದೊಡ್ಡದಾದಾಗ ಅವನ್ನು ಒಳಕ್ಕೆ ಎಳೆಯುವ ಇಳಿಜಾರು ಇದೆಯೇ ಎಂದು ನೋಡಿದರೆ, ಅವು ಅಂಕೆ ಮೀರುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

2009ರಲ್ಲಿ ಈ ಕೆಲಸಕ್ಕೆ ಫಲ ಸಿಕ್ಕಿತು. ಸಟ್ಟನ್ ಮತ್ತು ಸಂಗಡಿಗರು ಬೇರ್ಡ್ ತೋರಿಸಿದಂಥ ಕಡೆಯೂ ಅಂಕೆ ಮೀರದ ಹೊಸ ವಿಧಾನಗಳನ್ನು ಪ್ರಕಟಿಸಿದರು. ಆ ಲೇಖನಗಳ ಲೇಖಕರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಶಲಭ್ ಭಟ್ನಾಗರ್ ಒಬ್ಬರು. ಅಲ್ಲಿನ ಪುರಾವೆಗಳು ನಿಂತಿರುವುದು ಬೋರ್ಕರ್ ಅವರ ಎರಡು ವೇಗದ ಲೆಕ್ಕ ಮತ್ತು ಬೋರ್ಕರ್-ಮೇನ್ ಪ್ರಮೇಯಗಳ ಮೇಲೆ.

ಇದೆಲ್ಲ ಕಾಗದದ ಮೇಲಷ್ಟೇ ಉಳಿಯಲಿಲ್ಲ. ಪ್ರಶಾಂತ್ ಎಲ್.ಎ. ಮತ್ತು ಭಟ್ನಾಗರ್ 2011ರಲ್ಲಿ ಟ್ರಾಫಿಕ್ ಸಿಗ್ನಲ್‌ಗೆ ಬಹುಮಾನದ ಕಲಿಕೆ ಹಚ್ಚಿದ ಲೇಖನ ಪ್ರಕಟಿಸಿದರು. ಪರೀಕ್ಷೆ ನಡೆದದ್ದು ಕಂಪ್ಯೂಟರಿನೊಳಗೆ ಕಟ್ಟಿದ ರಸ್ತೆಗಳ ಮೇಲೆ. ಅದರಲ್ಲಿ ನಮಗೆ ಹಿಡಿಸಿದ ಮಾತೊಂದಿದೆ. ಸಾಲಿನಲ್ಲಿ ಎಷ್ಟು ಗಾಡಿ ನಿಂತಿವೆ ಎಂದು ಯಂತ್ರ ಒಂದೊಂದಾಗಿ ಎಣಿಸಬೇಕಿಲ್ಲ. ಕಡಿಮೆ, ಸುಮಾರು, ಜಾಸ್ತಿ ಎಂಬ ಮೂರು ಅಂದಾಜು ಸಾಕು. ಕೆ.ಆರ್. ವೃತ್ತದಲ್ಲಿ ನಿಂತು ಸೀಟಿ ಊದುವ ಪೊಲೀಸಪ್ಪ ನೋಡುವುದೂ ಹಾಗೆಯೇ ಅಲ್ಲವೇ?

ವಿಡಿಯೊ ಗೇಮ್ ಗೆದ್ದ ಯಂತ್ರ

ಪುರಾವೆ ಸಿಕ್ಕಿದ್ದು ಮೊದಲಿಗೆ ಸರಳ ಲೆಕ್ಕಗಳಿಗೆ. ಹಲವು ಪದರಗಳ ದೊಡ್ಡ ಬಲೆಗೆ ಅಂಥ ಖಾತರಿ ಸುಲಭಕ್ಕೆ ಸಿಗುವುದಿಲ್ಲ. ಆದರೂ ಅದನ್ನು ನಡೆಸಿ ತೋರಿಸಿದ್ದು ಲಂಡನ್ನಿನ ಡೀಪ್‌ಮೈಂಡ್ ಕಂಪನಿ. 2013ರಲ್ಲಿ ಮೊದಲ ಲೇಖನ, 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡನೆಯದು. ಹಳೆಯ ಅಟಾರಿ ವಿಡಿಯೊ ಗೇಮ್‌ಗಳಲ್ಲಿ 49 ಆಟಗಳನ್ನು ಒಂದೇ ವಿಧಾನ ಕಲಿಯಿತು. ಅದಕ್ಕೆ ಸಿಗುತ್ತಿದ್ದದ್ದು ಪರದೆಯ ಚಿತ್ರ ಮತ್ತು ಆಟದ ಅಂಕ ಮಾತ್ರ.

ಅದು ಕೆಡದಂತೆ ಅವರು ಹಾಕಿದ ಕಡಿವಾಣಗಳನ್ನು ನೋಡಿ.

ಮೊದಲನೆಯದು ನೆನಪಿನ ಕಣಜ. ಕೊನೆಯ 10 ಲಕ್ಷ ಚಿತ್ರಗಳ ಅನುಭವವನ್ನು ಕೂಡಿಟ್ಟುಕೊಂಡು, ಅದರಿಂದ ಅಲ್ಲೊಂದು ಇಲ್ಲೊಂದು ಹೆಕ್ಕಿ ಪಾಠ ಮಾಡುವುದು. ಈಗಷ್ಟೇ ಆದದ್ದರ ಮೇಲೆ ಮಾತ್ರ ತೀರ್ಮಾನ ಮಾಡುವುದಿಲ್ಲ. ಈ ಉಪಾಯವನ್ನು ಲಾಂಗ್-ಜಿ ಲಿನ್ ಎಂಬುವರು 1992ರಲ್ಲೇ ಹೇಳಿದ್ದರು.

ಎರಡನೆಯದು ನಿಂತ ನಕಲು. ಬೆಲೆ ಕಟ್ಟುವ ಬಲೆಯ ಒಂದು ಪ್ರತಿಯನ್ನು ತೆಗೆದು ಬದಲಾಗದಂತೆ ಇಡುತ್ತಾರೆ. ಯಂತ್ರ ತಿದ್ದಿಕೊಳ್ಳುವುದು ಆ ನಿಂತ ಪ್ರತಿಯನ್ನು ನೋಡಿಕೊಂಡು. 10,000 ತಿದ್ದುಪಡಿಗೆ ಒಮ್ಮೆ ಮಾತ್ರ ಹೊಸ ಪ್ರತಿ. ಸಂತೆಯಲ್ಲಿ ಬೆಳಿಗ್ಗೆ ಒಮ್ಮೆ ಬೋರ್ಡಿನ ಮೇಲೆ ಬೆಲೆ ಬರೆದು, ಸಂಜೆಯ ತನಕ ಅಳಿಸಬೇಡಿ ಎಂದ ಹಾಗೆ.

ಮೂರನೆಯದು, ಆಟದಲ್ಲಿ ಎಷ್ಟೇ ದೊಡ್ಡ ಅಂಕ ಬಂದರೂ ಯಂತ್ರಕ್ಕೆ ಸಿಗುವುದು ಒಂದು ಮಾತ್ರ. ಎಷ್ಟೇ ಕಳೆದುಕೊಂಡರೂ ಮೈನಸ್ ಒಂದು.

ಮೊದಲ ಎರಡು ಕಡಿವಾಣ ತೆಗೆದು ನೋಡಿದಾಗ ಅಂಕಗಳು ಧೊಪ್ಪನೆ ಬಿದ್ದವು ಎಂದು ಅವರೇ ಆ ಲೇಖನದಲ್ಲಿ ತೋರಿಸಿದ್ದಾರೆ.

ಲಂಡನ್ನಿನವರು ಬೆಂಗಳೂರಿನಿಂದ ಇದನ್ನು ಎತ್ತಿಕೊಂಡರು ಎಂದು ನಾವು ಹೇಳುತ್ತಿಲ್ಲ. ರೋಗ ಒಂದೇ, ಎರಡೂ ಕಡೆ ಕಂಡ ಮದ್ದು ಒಂದೇ ಜಾತಿಯದು. ನಿಂತ ನಕಲು ನಿಧಾನದ ಮುಳ್ಳಿನ ಹಾಗೆ. ನೆನಪಿನ ಕಣಜ ಡೈರಿಯ ಹಾಗೆ. ಒಂದಕ್ಕೆ ಮಿತಿಗೊಳಿಸಿದ ಅಂಕ ಸಣ್ಣ ಹೆಜ್ಜೆಯ ಹಾಗೆ.

ಆದರೂ ಪೂರ್ತಿ ಗೆದ್ದಿಲ್ಲ

ಇಲ್ಲಿಗೆ ಶುಭಂ ಎಂದು ಬರೆಯುವಂತಿಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪೀಟರ್ ಹೆಂಡರ್ಸನ್ ಮತ್ತು ಸಂಗಡಿಗರು 2018ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಅದೇ ವಿಧಾನ, ಅದೇ ಅಳತೆಗಳು. ಬದಲಿಸಿದ್ದು ಶುರುವಿನಲ್ಲಿ ಹಾಕುವ ಅದೃಷ್ಟದ ಸಂಖ್ಯೆ ಮಾತ್ರ. 10 ಸಲ ಓಡಿಸಿ, ಐದೈದರ ಎರಡು ಗುಂಪು ಮಾಡಿ ಸರಾಸರಿ ತೆಗೆದರೆ, ಎರಡು ಗುಂಪು ಎರಡು ಬೇರೆ ವಿಧಾನಗಳೇನೋ ಎನ್ನುವಷ್ಟು ವ್ಯತ್ಯಾಸ. ಅಂದರೆ ಒಂದು ಸಲ ಓಡಿಸಿ ಗೆದ್ದೆ ಎನ್ನುವವನ ಮಾತು ಒಂದು ದಿನ ಸೀಟು ಸಿಕ್ಕವನ ಮಾತಿನಂತೆಯೇ.

ಇದು ನಮಗೇಕೆ ಎಂದು ಕೇಳಬಹುದು. ನಿಮ್ಮ ಕೈಯಲ್ಲಿರುವ ಫೋನಿಗೆ ಇದು ಆಗಲೇ ಬಂದಿದೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡುವ ಚಾಟ್ ಆ್ಯಪ್‌ಗಳನ್ನು ಪಳಗಿಸುವುದರಲ್ಲಿ ಬಹುಮಾನದ ಕಲಿಕೆಯ ಪಾಲಿದೆ. ಓಪನ್‌ಎಐ ಕಂಪನಿ 2022ರಲ್ಲಿ ವಿವರಿಸಿದ ವಿಧಾನದಲ್ಲಿ, ಜನ ಯಾವ ಉತ್ತರ ಮೆಚ್ಚುತ್ತಾರೆ ಎಂಬುದೇ ಬಹುಮಾನ. ಅಲ್ಲೂ ಒಂದು ಕಡಿವಾಣ ಇತ್ತು. ಬಹುಮಾನದ ಆಸೆಗೆ ಯಂತ್ರ ತನ್ನ ಮೂಲ ಸ್ವರೂಪದಿಂದ ಬಹಳ ದೂರ ಹೋದರೆ ದಂಡ.

ಕಡಿವಾಣ ಇದ್ದರೂ ಎಡವುತ್ತಾರೆ. 2025ರ ಏಪ್ರಿಲ್‌ನಲ್ಲಿ ಅದೇ ಕಂಪನಿ ತನ್ನ ಚಾಟ್‌ಜಿಪಿಟಿಯ ಹೊಸ ಆವೃತ್ತಿಯನ್ನು ಬಿಟ್ಟ ಕೆಲವೇ ದಿನಗಳಲ್ಲಿ ವಾಪಸು ಪಡೆಯಿತು. ಅದು ಕೇಳಿದವರನ್ನೆಲ್ಲ ಹೊಗಳಲು, ಹೇಳಿದ್ದಕ್ಕೆಲ್ಲ ಹೂಂ ಎನ್ನಲು ಶುರು ಮಾಡಿತ್ತು. ಆ ಕ್ಷಣದ ಮೆಚ್ಚುಗೆಗೆ ಅತಿಯಾಗಿ ಬೆಲೆ ಕೊಟ್ಟೆವು ಎಂದು ಕಂಪನಿಯೇ ಒಪ್ಪಿಕೊಂಡಿತು. ತನ್ನ ಬೆಳೆಯ ರೋಗದ ಬಗ್ಗೆ ಕೇಳುವ ರೈತನಿಗೆ, ಮಗುವಿನ ಜ್ವರದ ಬಗ್ಗೆ ಕೇಳುವ ತಾಯಿಗೆ ಹೂಂ ಎನ್ನುವ ಯಂತ್ರದಿಂದ ಏನು ಉಪಯೋಗ? ಅಪಾಯವೇ ಹೆಚ್ಚು.

ಇನ್ನು ಮುಂದೆ ಇಂಥ ಯಂತ್ರ ಪಂಪ್‌ಸೆಟ್ಟಿಗೂ ಬರುತ್ತದೆ, ಸಾಲ ಕೊಡುವ ಆ್ಯಪಿಗೂ ಬರುತ್ತದೆ ಎಂದುಕೊಂಡೇ ನಾವು ಸಿದ್ಧರಿರಬೇಕು. ಮಾರಲು ಬಂದವರು ಒಂದು ವಿಡಿಯೊ ತೋರಿಸಿ ಬೆರಗು ಹುಟ್ಟಿಸುತ್ತಾರೆ. ಆಗ ಮೂರು ಪ್ರಶ್ನೆ ಕೇಳಿ. ಇದನ್ನು ಎಷ್ಟು ಸಲ ಓಡಿಸಿ ನೋಡಿದ್ದೀರಿ, ಎಷ್ಟು ಸಲ ಕೆಟ್ಟಿತು? ನಮ್ಮ ಹೊಲಕ್ಕೆ ಬಂದ ಮೇಲೂ ಅದು ಕಲಿಯುತ್ತಲೇ ಇರುತ್ತದೆಯೇ, ಕಲಿಯುವುದಾದರೆ ದಿನಕ್ಕೆ ಎಷ್ಟು ಬದಲಾಗಬಹುದು? ಕೆಟ್ಟರೆ ಹಿಂದಿನ ಸ್ಥಿತಿಗೆ ತರಲು ನಿಂತ ನಕಲು ಇದೆಯೇ? ಇದನ್ನು ಕೇಳಲು ಎಂಜಿನಿಯರ್ ಆಗಬೇಕಿಲ್ಲ. ಹೊಸ ತಳಿಯ ಬೀಜ ಕೊಳ್ಳುವಾಗ ನಾವು ಕೇಳುವುದೂ ಇಂಥದ್ದೇ. ಪಕ್ಕದವನಿಗೆ ಒಂದು ವರ್ಷ ಒಳ್ಳೆ ಇಳುವರಿ ಬಂತು ಎಂದ ಮಾತ್ರಕ್ಕೆ ಇಡೀ ಜಮೀನಿಗೆ ಹಾಕುವವರು ಕಡಿಮೆ. ಮೊದಲು ಒಂದು ಮೂಲೆಯಲ್ಲಿ ಹಾಕಿ ನೋಡುತ್ತೇವೆ.

ಕೊನೆಗೆ ನಮ್ಮ ವಿಷಯ. ಈಗ ನಾವು ಹಿಟ್ಸ್ ನೋಡುವುದು ತಿಂಗಳಿಗೆ ಒಂದೇ ಸಲ. ವಾರಕ್ಕೊಂದು ಸುದ್ದಿ, ಯಾರು ನೋಡಲಿ ಬಿಡಲಿ, ನಾಲೆ, ರೇಷನ್ ಅಥವಾ ಶಾಲೆಯದ್ದು ಎಂದು ನಿಯಮ ಮಾಡಿಕೊಂಡಿದ್ದೇವೆ. ಅದನ್ನು ವರ್ಷಕ್ಕೊಮ್ಮೆ ಮಾತ್ರ ಬದಲಿಸುತ್ತೇವೆ. ಯಾವ ಊರಿಂದ ಯಾವ ವಿಷಯಕ್ಕೆ ಫೋನ್ ಬಂತು ಎಂದು ಒಂದು ಡೈರಿಯಲ್ಲಿ ಬರೆದಿಡುತ್ತೇವೆ.

ನಾಲೆಯ ಫೋನ್‌ಗಳು ಮತ್ತೆ ಬರುವುದಕ್ಕೆ ಸುಮಾರು ಎಂಟು ತಿಂಗಳು ಹಿಡಿಯಿತು.